ಪ್ರಿಸರ್ವೇಶನ್ ಹಾಲ್: ಒಂದು ಕುಟುಂಬದ ಸಂಗೀತ ಸಭಾಂಗಣ ಎರಡು ಬಾರಿ ಮುಚ್ಚಿ ಮತ್ತೆ ತೆರೆದ ವೃತ್ತಾಂತ

ಪೀಠಿಕೆ

ಅಮೆರಿಕ ಸಂಯುಕ್ತ ಸಂಸ್ಥಾನದ ಲೂಯಿಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್ ನಗರವು ಜಾಝ್ ಸಂಗೀತದ ತವರೆಂದು ಪ್ರಸಿದ್ಧವಾಗಿದೆ. ಈ ನಗರದಲ್ಲಿರುವ ಪ್ರಿಸರ್ವೇಶನ್ ಹಾಲ್ ಎಂಬ ಪುಟ್ಟ ಸಂಗೀತ ಸಭಾಂಗಣವು 1961ರಿಂದ ಒಂದೇ ಕುಟುಂಬದ ಆಡಳಿತದಲ್ಲಿ ನಡೆದುಕೊಂಡು ಬಂದಿದೆ. ಸುಮಾರು 100 ಮಂದಿಗಷ್ಟೇ ಸ್ಥಳಾವಕಾಶವಿರುವ ಈ ಸಭಾಂಗಣವು 2005ರಲ್ಲಿ ಚಂಡಮಾರುತದ ಕಾರಣದಿಂದಲೂ, 2020ರಲ್ಲಿ ಕೋವಿಡ್ ಸಾಂಕ್ರಾಮಿಕದ ಕಾರಣದಿಂದಲೂ ತಾತ್ಕಾಲಿಕವಾಗಿ ಮುಚ್ಚಲ್ಪಟ್ಟು, ಎರಡು ಬಾರಿಯೂ ಮರಳಿ ಬಾಗಿಲು ತೆರೆಯಿತು.

ಸಂಗೀತ ಸಭಾಂಗಣವೊಂದರ ಪುನರಾರಂಭವೆಂದರೆ ಕಟ್ಟಡದ ಬೀಗ ತೆಗೆಯುವುದು ಮಾತ್ರವಲ್ಲ. ಮುಚ್ಚಿದ ಅವಧಿಯಲ್ಲಿ ಅಲ್ಲಿ ನುಡಿಸುತ್ತಿದ್ದ ಕಲಾವಿದರು ಊರಿನಲ್ಲಿಯೇ, ವೃತ್ತಿಯಲ್ಲಿಯೇ ಉಳಿದಿದ್ದರೆ ಮಾತ್ರ ಪುನರಾರಂಭಕ್ಕೆ ಅರ್ಥವಿರುತ್ತದೆ. ಈ ಸಂಗತಿಯನ್ನು ಪ್ರಿಸರ್ವೇಶನ್ ಹಾಲಿನ ಇತಿಹಾಸವು ಸ್ಪಷ್ಟವಾಗಿ ತೋರಿಸಿಕೊಡುತ್ತದೆ.

ಸ್ಥಳ ಮತ್ತು ಸ್ಥಾಪನೆಯ ಹಿನ್ನೆಲೆ

ಸಭಾಂಗಣವು ನ್ಯೂ ಆರ್ಲಿಯನ್ಸ್ ನಗರದ ಅತ್ಯಂತ ಹಳೆಯ ಬಡಾವಣೆಯಾದ ಫ್ರೆಂಚ್ ಕ್ವಾರ್ಟರಿನಲ್ಲಿ, ಸೇಂಟ್ ಪೀಟರ್ ಬೀದಿಯ 726ನೆಯ ಸಂಖ್ಯೆಯ ಹಳೆಯ ಕಟ್ಟಡದಲ್ಲಿದೆ. 1950ರ ದಶಕದಲ್ಲಿ ಲ್ಯಾರಿ ಬೋರೆನ್‌ಸ್ಟೈನ್ ಎಂಬ ಕಲಾವ್ಯಾಪಾರಿಯು ಇಲ್ಲಿ ಚಿತ್ರಕಲಾ ಮಳಿಗೆಯನ್ನು ನಡೆಸುತ್ತಿದ್ದರು. ಸಂಜೆಯ ಹೊತ್ತು ಮಳಿಗೆಯನ್ನು ಬಿಟ್ಟು ಹೊರಡಲಾಗದ ಕಾರಣ, ತಾವು ಮೆಚ್ಚಿದ ವೃದ್ಧ ಜಾಝ್ ವಾದಕರನ್ನೇ ಮಳಿಗೆಗೆ ಕರೆಸಿ ಅಭ್ಯಾಸ ಮಾಡಲು ಸ್ಥಳ ಕೊಡುತ್ತಿದ್ದರು. ಕೇಳುಗರ ಸಂಖ್ಯೆ ಕ್ರಮೇಣ ಹೆಚ್ಚಿತು. 1961ರಲ್ಲಿ ಕೆನ್ ಮಿಲ್ಸ್ ಹಾಗೂ ಬಾರ್ಬರಾ ರೀಡ್ ಎಂಬ ಸಂಗೀತಾಸಕ್ತರು ಈ ಕೂಟಗಳಿಗೆ ಒಂದು ಸಂಘದ ರೂಪ ಕೊಟ್ಟರು.

ಅದೇ ವರ್ಷ ಪೆನ್ಸಿಲ್ವೇನಿಯಾ ರಾಜ್ಯದಿಂದ ಬಂದ ಆಲನ್ ಜ್ಯಾಫಿ ಮತ್ತು ಸಾಂಡ್ರಾ ಜ್ಯಾಫಿ ಎಂಬ ನವದಂಪತಿಗಳು ಮೆಕ್ಸಿಕೋ ಪ್ರವಾಸದಿಂದ ಹಿಂತಿರುಗುವ ಹಾದಿಯಲ್ಲಿ ನ್ಯೂ ಆರ್ಲಿಯನ್ಸಿಗೆ ಭೇಟಿ ಕೊಟ್ಟರು. ಇಲ್ಲಿನ ಸಂಗೀತವನ್ನು ಕೇಳಿ ಊರಿನಲ್ಲಿಯೇ ನೆಲೆಸಲು ನಿರ್ಧರಿಸಿದರು. ಆಲನ್ ಅವರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಾರ್ಟನ್ ವಾಣಿಜ್ಯ ಶಾಲೆಯ ಪದವೀಧರರಾಗಿದ್ದರು. ಬೋರೆನ್‌ಸ್ಟೈನ್ ಅವರು ಸಭಾಂಗಣದ ಆಡಳಿತವನ್ನು ಈ ದಂಪತಿಗಳಿಗೆ ವಹಿಸಿಕೊಟ್ಟರು.

ಕಚೇರಿಯ ಪದ್ಧತಿ

ಜ್ಯಾಫಿ ದಂಪತಿಗಳು ರೂಢಿಸಿದ ಪದ್ಧತಿಯು ಅಮೆರಿಕದ ಇತರ ಸಂಗೀತ ಕೇಂದ್ರಗಳಿಗಿಂತ ಭಿನ್ನವಾಗಿತ್ತು. ಅದರ ಮುಖ್ಯ ಲಕ್ಷಣಗಳು ಈ ಕೆಳಕಂಡಂತಿವೆ.

1. ಸಭಾಂಗಣದಲ್ಲಿ ಮದ್ಯ ಹಾಗೂ ಆಹಾರದ ಮಾರಾಟವಿರಲಿಲ್ಲ.
2. ಧ್ವನಿವರ್ಧಕವನ್ನು ಬಳಸುತ್ತಿರಲಿಲ್ಲ. ವಾದ್ಯದ ಸಹಜ ನಾದವೇ ಕೇಳುಗರನ್ನು ತಲುಪುತ್ತಿತ್ತು.
3. ಎತ್ತರದ ವೇದಿಕೆ ಇರಲಿಲ್ಲ. ಕೆಲವು ಬೆಂಚುಗಳು, ನೆಲದ ಮೇಲೆ ಹಾಸಿದ ದಿಂಬುಗಳು, ಉಳಿದವರಿಗೆ ನಿಲ್ಲುವ ಜಾಗ, ಇಷ್ಟೇ ವ್ಯವಸ್ಥೆ. ಮುಂದಿನ ಸಾಲಿನವರಿಗೂ ವಾದಕರಿಗೂ ಇದ್ದ ಅಂತರ ಕೆಲವೇ ಅಡಿಗಳು.
4. ಪ್ರವೇಶಕ್ಕೆ ಆರಂಭದಲ್ಲಿ ಒಂದು ಡಾಲರಿನಷ್ಟು ಕಾಣಿಕೆಯನ್ನು ಸ್ವೀಕರಿಸಲಾಗುತ್ತಿತ್ತು. ಸಾಂಡ್ರಾ ಅವರು ಬಾಗಿಲಲ್ಲಿ ಕುಳಿತು ಬುಟ್ಟಿಯಲ್ಲಿ ಹಣ ಪಡೆಯುತ್ತಿದ್ದರು. ಆಲನ್ ಅವರು ಟ್ಯೂಬಾ ಎಂಬ ದೊಡ್ಡ ಹಿತ್ತಾಳೆ ವಾದ್ಯವನ್ನು ನುಡಿಸುತ್ತಿದ್ದರು.
5. ಕೇಳುಗರು ಬಯಸಿದ ಹಾಡಿಗೆ ದರಪಟ್ಟಿಯಿತ್ತು. ಸಾಂಪ್ರದಾಯಿಕ ಹಾಡಿಗೆ ಒಂದು ಡಾಲರ್, ಇತರ ಹಾಡಿಗೆ ಎರಡು ಡಾಲರ್. 'ವೆನ್ ದ ಸೇಂಟ್ಸ್ ಗೋ ಮಾರ್ಚಿಂಗ್ ಇನ್' ಎಂಬ ಜನಪ್ರಿಯ ಗೀತೆಗೆ ಮಾತ್ರ ಐದು ಡಾಲರ್. ಪ್ರತಿ ರಾತ್ರಿ ಅದೇ ಗೀತೆಯನ್ನು ನುಡಿಸಿ ದಣಿದ ವಾದಕರಿಗೆ ಈ ದರದಿಂದ ಸ್ವಲ್ಪ ವಿರಾಮವೂ ಸ್ವಲ್ಪ ಲಾಭವೂ ದೊರೆಯುತ್ತಿದ್ದವು. ಕಾಲಾಂತರದಲ್ಲಿ ಈ ದರಗಳು ಏರಿದವು.

ಆರಂಭದ ವರ್ಷಗಳಲ್ಲಿ ಇಲ್ಲಿ ನುಡಿಸಿದವರಲ್ಲಿ ಬಹುಪಾಲು ಮಂದಿ ಜಾಝ್ ಸಂಗೀತದ ಮೊದಲ ತಲೆಮಾರುಗಳಿಗೆ ಸೇರಿದ ಕಪ್ಪುವರ್ಣೀಯ ವೃದ್ಧರು. ಕ್ಲಾರಿನೆಟ್ ವಾದಕ ಜಾರ್ಜ್ ಲೂಯಿಸ್ (1900–1968), ಟ್ರೋಂಬೋನ್ ವಾದಕ ಜಿಮ್ ರಾಬಿನ್ಸನ್ (1892–1976), ಟ್ರಂಪೆಟ್ ವಾದಕ ಪಂಚ್ ಮಿಲ್ಲರ್ (1894–1971), ಪಿಯಾನೋ ವಾದಕಿ ಸ್ವೀಟ್ ಎಮ್ಮಾ ಬ್ಯಾರೆಟ್ (1897–1983), ಸಹೋದರರಾದ ವಿಲ್ಲಿ ಹಂಫ್ರಿ ಮತ್ತು ಪರ್ಸಿ ಹಂಫ್ರಿ ಇವರಲ್ಲಿ ಪ್ರಮುಖರು. ಹೊಸ ಬಗೆಯ ಸಂಗೀತಗಳು ಜನಪ್ರಿಯವಾದಾಗ ಇಂತಹವರಿಗೆ ಕೆಲಸ ಸಿಗುವುದು ವಿರಳವಾಗಿತ್ತು. 1967ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ಸ್ವೀಟ್ ಎಮ್ಮಾ ಅವರು ಅನಂತರ ಬಲಗೈಯೊಂದರಿಂದಲೇ ಪಿಯಾನೋ ನುಡಿಸುತ್ತಿದ್ದರು.

ವರ್ಣಭೇದದ ಕಾಲ

ಸಭಾಂಗಣವು ಆರಂಭವಾದಾಗ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಿಳಿಯರು ಮತ್ತು ಕಪ್ಪುವರ್ಣೀಯರು ಒಂದೆಡೆ ಸೇರುವುದನ್ನು ತಡೆಯುವ ಕಟ್ಟಳೆಗಳು ಚಾಲ್ತಿಯಲ್ಲಿದ್ದವು. ಅಂತಹ ಕಾಲದಲ್ಲಿ ಎರಡೂ ವರ್ಣದವರು ಒಂದೇ ಕೊಠಡಿಯಲ್ಲಿ ಕುಳಿತು ಸಂಗೀತ ಕೇಳಬಹುದಾಗಿದ್ದ ಕೆಲವೇ ಸ್ಥಳಗಳಲ್ಲಿ ಪ್ರಿಸರ್ವೇಶನ್ ಹಾಲ್ ಒಂದಾಗಿತ್ತು. ಈ ಕಟ್ಟಳೆಗಳನ್ನು ಮೀರಿದ ಕಾರಣಕ್ಕಾಗಿ ಸಾಂಡ್ರಾ ಅವರನ್ನು ವಾದಕರೊಂದಿಗೆ ಪೊಲೀಸರು ಬಂಧಿಸಿದ ಪ್ರಸಂಗವೂ ನಡೆದಿತ್ತು. 1964ರಲ್ಲಿ ನಾಗರಿಕ ಹಕ್ಕುಗಳ ಕಾಯಿದೆ ಜಾರಿಗೆ ಬಂದ ಮೇಲೆ ಸಾರ್ವಜನಿಕ ಸ್ಥಳಗಳಲ್ಲಿನ ಇಂತಹ ಭೇದವು ಕಾನೂನುಬಾಹಿರವೆನಿಸಿತು.

ಆದಾಯದ ಮೂಲಗಳು

ಮದ್ಯ ಮಾರಾಟದ ಆದಾಯವಿಲ್ಲದ ಸಣ್ಣ ಸಭಾಂಗಣಕ್ಕೆ ಪ್ರವೇಶಧನವೊಂದೇ ಆಧಾರವಾದರೆ ಬಹುಕಾಲ ನಡೆಯುವುದು ಕಷ್ಟ. ಆದ್ದರಿಂದ 1963ರಿಂದ ಪ್ರಿಸರ್ವೇಶನ್ ಹಾಲ್ ಜಾಝ್ ಬ್ಯಾಂಡ್ ಎಂಬ ಹೆಸರಿನಲ್ಲಿ ವಾದ್ಯವೃಂದವೊಂದು ದೇಶವಿದೇಶಗಳಲ್ಲಿ ಸಂಚರಿಸತೊಡಗಿತು. ಪ್ರವಾಸದ ಕಚೇರಿಗಳು ಹಾಗೂ ಧ್ವನಿಮುದ್ರಿಕೆಗಳು ಸಂಸ್ಥೆಯ ಎರಡನೆಯ ಆದಾಯಮೂಲವಾದವು. ಮುಂದೆ ಸಭಾಂಗಣ ಮುಚ್ಚಿದ ಕಾಲದಲ್ಲಿ ಈ ಏರ್ಪಾಡಿನ ಮಹತ್ವವೂ ಅದರ ಮಿತಿಯೂ ಬೆಳಕಿಗೆ ಬಂದವು.

ಎರಡನೆಯ ತಲೆಮಾರು

ಆಲನ್ ಜ್ಯಾಫಿ ಅವರು 1987ರ ಮಾರ್ಚ್ ತಿಂಗಳಲ್ಲಿ ತಮ್ಮ 51ನೆಯ ವಯಸ್ಸಿನಲ್ಲಿ ನಿಧನರಾದರು. ಸಭಾಂಗಣವು ಕುಟುಂಬದವರ ಉಸ್ತುವಾರಿಯಲ್ಲಿ ಮುಂದುವರಿಯಿತು. 1971ರಲ್ಲಿ ಜನಿಸಿದ ಅವರ ಪುತ್ರ ಬೆನ್ ಜ್ಯಾಫಿ ಅವರು ಒಬರ್ಲಿನ್ ಕಾಲೇಜಿನಲ್ಲಿ ವ್ಯಾಸಂಗ ಮುಗಿಸಿ 1993ರಲ್ಲಿ ವಾದ್ಯವೃಂದವನ್ನು ಸೇರಿ, ಕ್ರಮೇಣ ಆಡಳಿತದ ಹೊಣೆಯನ್ನೂ ವಹಿಸಿಕೊಂಡರು. ತಂದೆಯಂತೆ ಇವರೂ ಟ್ಯೂಬಾ ನುಡಿಸುತ್ತಾರೆ. ಡಬಲ್ ಬಾಸ್ ಇವರ ಮತ್ತೊಂದು ವಾದ್ಯ. ವಿಲ್ಲಿ ಹಂಫ್ರಿ 1994ರಲ್ಲಿಯೂ ಪರ್ಸಿ ಹಂಫ್ರಿ 1995ರಲ್ಲಿಯೂ ನಿಧನರಾದರು. ಹಿರಿಯರೊಂದಿಗೆ ಈ ಸಂಗೀತವೂ ಮುಗಿಯುವುದೇ ಎಂಬ ಪ್ರಶ್ನೆ ಸಹಜವಾಗಿ ಎದ್ದಿತು. ಹಿರಿಯರ ಪಕ್ಕದಲ್ಲಿ ಕುಳಿತು ನುಡಿಸುತ್ತಲೇ ಕಲಿತ ಕಿರಿಯರು ಅವರ ಸ್ಥಾನಗಳನ್ನು ತುಂಬಿದುದರಿಂದ ಪರಂಪರೆಯು ಉಳಿಯಿತು.

ಮೊದಲನೆಯ ಮುಚ್ಚುಗಡೆ: 2005

2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತವು ಲೂಯಿಸಿಯಾನಾ ಕರಾವಳಿಗೆ ಅಪ್ಪಳಿಸಿತು. ನಗರವನ್ನು ರಕ್ಷಿಸುತ್ತಿದ್ದ ನೆರೆತಡೆ ಏರಿಗಳು ಒಡೆದು, ನಗರದ ಸುಮಾರು ಶೇಕಡ 80 ಭಾಗ ಜಲಾವೃತವಾಯಿತು. 1,300ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು.

ಫ್ರೆಂಚ್ ಕ್ವಾರ್ಟರ್ ನದಿಯ ದಂಡೆಯ ಎತ್ತರದ ನೆಲದಲ್ಲಿರುವುದರಿಂದ ಪ್ರಿಸರ್ವೇಶನ್ ಹಾಲಿನ ಕಟ್ಟಡಕ್ಕೆ ಭಾರಿ ಹಾನಿಯಾಗಲಿಲ್ಲ. ಆದರೂ ಸಭಾಂಗಣವನ್ನು ತೆರೆಯಲು ಸಾಧ್ಯವಿರಲಿಲ್ಲ. ವಾದಕರಲ್ಲಿ ಅನೇಕರ ಮನೆಗಳೂ ವಾದ್ಯಗಳೂ ನೀರುಪಾಲಾಗಿದ್ದವು. ಅವರು ಬೇರೆ ಬೇರೆ ಊರುಗಳಲ್ಲಿ ಆಶ್ರಯ ಪಡೆದಿದ್ದರು. ಕೇಳುಗರಾಗಿ ಬರುತ್ತಿದ್ದ ಪ್ರವಾಸಿಗಳೂ ಇರಲಿಲ್ಲ. ಕಟ್ಟಡವು ಸುಸ್ಥಿತಿಯಲ್ಲಿದ್ದು ಅದರೊಳಗೆ ನುಡಿಸುವವರೇ ಇಲ್ಲದ ಪರಿಸ್ಥಿತಿ ಅದಾಗಿತ್ತು.

ಈ ಸಂದರ್ಭದಲ್ಲಿ ಕೈಗೊಂಡ ಕ್ರಮಗಳಲ್ಲಿ ಮುಖ್ಯವಾದವು ಇವು. ವಾದ್ಯವೃಂದವು ಹೊರಗಿನ ಊರುಗಳಲ್ಲಿ ಕಚೇರಿಗಳನ್ನು ಮುಂದುವರಿಸಿ ತನ್ನ ಸದಸ್ಯರ ದುಡಿಮೆಯನ್ನು ಉಳಿಸಿತು. ಬೆನ್ ಜ್ಯಾಫಿ ಮತ್ತಿತರರು ಸೇರಿ ನಗರದ ಸಂಗೀತಗಾರರಿಗಾಗಿ ಚಂಡಮಾರುತ ಪರಿಹಾರ ನಿಧಿಯೊಂದನ್ನು ಸ್ಥಾಪಿಸಿದರು. ಇದಲ್ಲದೆ, ಕಲಾವಿದರಾದ ಹ್ಯಾರಿ ಕಾನಿಕ್ ಜೂನಿಯರ್ ಹಾಗೂ ಬ್ರಾನ್‌ಫರ್ಡ್ ಮಾರ್ಸಾಲಿಸ್ ಅವರ ಕಲ್ಪನೆಯಂತೆ, ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ ಸಂಸ್ಥೆಯು ನಗರದಲ್ಲಿ 'ಸಂಗೀತಗಾರರ ಗ್ರಾಮ' ಎಂಬ ವಸತಿ ಯೋಜನೆಯಡಿ 72 ಪ್ರತ್ಯೇಕ ಮನೆಗಳನ್ನು ನಿರ್ಮಿಸಿತು. ವಾದಕರಿಗೆ ಕೆಲಸವಿದ್ದರೆ ಸಾಲದು, ಊರಿನಲ್ಲಿ ಮನೆಯೂ ಇರಬೇಕೆಂಬ ತಿಳಿವಳಿಕೆ ಈ ಯೋಜನೆಯ ಹಿಂದಿತ್ತು.

2006ರ ಏಪ್ರಿಲ್ ತಿಂಗಳಲ್ಲಿ, ಸುಮಾರು ಎಂಟು ತಿಂಗಳುಗಳ ಅನಂತರ, ಪ್ರಿಸರ್ವೇಶನ್ ಹಾಲ್ ಮರಳಿ ತೆರೆಯಿತು. ಅದೇ ವರ್ಷ ಪ್ರಿಸರ್ವೇಶನ್ ಹಾಲ್ ಜಾಝ್ ಬ್ಯಾಂಡಿಗೆ ಅಮೆರಿಕ ಸರ್ಕಾರದ ರಾಷ್ಟ್ರೀಯ ಕಲಾ ಪದಕವು ದೊರೆಯಿತು. ಆದರೆ ನಗರವು ಮೊದಲಿನಂತೆ ತುಂಬಿಕೊಳ್ಳಲಿಲ್ಲ. 2000ದ ಜನಗಣತಿಯಲ್ಲಿ 4,84,674ರಷ್ಟಿದ್ದ ಜನಸಂಖ್ಯೆ 2010ರ ಜನಗಣತಿಯಲ್ಲಿ 3,43,829ಕ್ಕೆ ಇಳಿದಿತ್ತು. ಹೊರಟುಹೋದವರೆಲ್ಲರೂ ಹಿಂತಿರುಗಲಿಲ್ಲವೆಂಬುದನ್ನು ಈ ಅಂಕಿ ಅಂಶಗಳು ಸೂಚಿಸುತ್ತವೆ.

2011ರಲ್ಲಿ ಪ್ರಿಸರ್ವೇಶನ್ ಹಾಲ್ ಪ್ರತಿಷ್ಠಾನವೆಂಬ ಲಾಭರಹಿತ ಸಂಸ್ಥೆಯನ್ನು ಸ್ಥಾಪಿಸಲಾಯಿತು. ಕಿರಿಯರಿಗೆ ಶಿಕ್ಷಣ, ಹಿರಿಯ ವಾದಕರಿಗೆ ನೆರವು ಹಾಗೂ ಸಂಗ್ರಹಗಳ ಸಂರಕ್ಷಣೆ ಇದರ ಕಾರ್ಯಗಳು. ಸಭಾಂಗಣದ ವ್ಯವಹಾರದಿಂದ ಪ್ರತ್ಯೇಕವಾದ ಈ ಸಂಸ್ಥೆಯ ಮೂಲಕ ದೇಣಿಗೆ ಪಡೆಯುವ ಮಾರ್ಗವು ಸುಗಮವಾಯಿತು.

ಎರಡನೆಯ ಮುಚ್ಚುಗಡೆ: 2020

2020ರ ಫೆಬ್ರವರಿ 25ರಂದು ನ್ಯೂ ಆರ್ಲಿಯನ್ಸ್ ನಗರದಲ್ಲಿ ಮಾರ್ಡಿ ಗ್ರಾ ಉತ್ಸವವು ಎಂದಿನಂತೆ ಜನಜಂಗುಳಿಯೊಂದಿಗೆ ನಡೆಯಿತು. ಮಾರ್ಚ್ 9ರಂದು ರಾಜ್ಯದ ಮೊದಲ ಕೋವಿಡ್ ಪ್ರಕರಣ ವರದಿಯಾಯಿತು. ಮಾರ್ಚ್ ಮಧ್ಯಭಾಗದಲ್ಲಿ ಪ್ರಿಸರ್ವೇಶನ್ ಹಾಲ್ ಬಾಗಿಲು ಮುಚ್ಚಿತು. ಮಾರ್ಚ್ 23ರಿಂದ ಜನರು ಮನೆಯಲ್ಲಿಯೇ ಇರಬೇಕೆಂಬ ರಾಜ್ಯಪಾಲರ ಆದೇಶ ಜಾರಿಗೆ ಬಂದಿತು.

ಈ ಬಾರಿಯ ಸಂಕಟವು 2005ಕ್ಕಿಂತ ಭಿನ್ನವಾಗಿತ್ತು. ಆಗ ಒಂದು ನಗರ ಮುಳುಗಿದ್ದಿತು. ವಾದಕರು ಬೇರೆ ಊರಿಗೆ ಹೋಗಿ ನುಡಿಸಬಹುದಾಗಿತ್ತು. ಈಗ ಎಲ್ಲ ಊರುಗಳ ಸಭಾಂಗಣಗಳೂ ಮುಚ್ಚಿದ್ದವು. ಸಭಾಂಗಣದ ಪ್ರವೇಶಧನ, ವಾದ್ಯವೃಂದದ ಪ್ರವಾಸ ಎರಡೂ ಒಟ್ಟಿಗೆ ನಿಂತವು. ನಗರದ ಪ್ರಖ್ಯಾತ ಜಾಝ್ ಉತ್ಸವವು 2020ರಲ್ಲಿಯೂ 2021ರಲ್ಲಿಯೂ ರದ್ದಾಗಿ, 2022ರಲ್ಲಷ್ಟೇ ಮತ್ತೆ ನಡೆಯಿತು.

ಪ್ರಿಸರ್ವೇಶನ್ ಹಾಲಿನ ವೈಶಿಷ್ಟ್ಯಗಳೇ ಈಗ ಅಪಾಯದ ಕಾರಣಗಳಾದವು. ಸಣ್ಣ ಕೊಠಡಿ, ಒತ್ತೊತ್ತಾಗಿ ಕುಳಿತ ಕೇಳುಗರು, ಕೆಲವೇ ಅಡಿ ದೂರದಲ್ಲಿ ಉಸಿರಿನಿಂದ ನುಡಿಸುವ ವಾದ್ಯಗಳು, ಇವೆಲ್ಲವೂ ಗಾಳಿಯ ಮೂಲಕ ಹರಡುವ ರೋಗಕ್ಕೆ ಅನುಕೂಲಕರ. ವಾದಕರಲ್ಲಿ ವಯಸ್ಸಾದವರೂ ಇದ್ದರು. ವೃಂದದ ಹಿರಿಯರಾದ ಕ್ಲಾರಿನೆಟ್ ಮತ್ತು ಸ್ಯಾಕ್ಸೊಫೋನ್ ವಾದಕ ಚಾರ್ಲಿ ಗೇಬ್ರಿಯಲ್ ಅವರು 1932ರಲ್ಲಿ ಜನಿಸಿದವರು. ನಗರದ ಹೆಸರಾಂತ ಪಿಯಾನೋ ವಾದಕರೂ ಗುರುಗಳೂ ಆಗಿದ್ದ ಎಲ್ಲಿಸ್ ಮಾರ್ಸಾಲಿಸ್ ಅವರು 2020ರ ಏಪ್ರಿಲ್ 1ರಂದು ಕೋವಿಡ್ ಸಂಬಂಧಿತ ಅಸ್ವಸ್ಥತೆಯಿಂದ 85ನೆಯ ವಯಸ್ಸಿನಲ್ಲಿ ನಿಧನರಾದದ್ದು ಈ ಅಪಾಯ ಎಷ್ಟು ಸಮೀಪದ್ದೆಂಬುದನ್ನು ತೋರಿಸಿತು.

ಪ್ರತಿಷ್ಠಾನವು ತನ್ನ ಬಳಗದ ವಾದಕರಿಗಾಗಿ ತುರ್ತು ಪರಿಹಾರ ನಿಧಿಯನ್ನು ತೆರೆಯಿತು. 2020ರ ಜೂನ್ 20ರಂದು ಅಂತರಜಾಲದ ಮೂಲಕ ನಿಧಿಸಂಗ್ರಹ ಕಾರ್ಯಕ್ರಮವೊಂದನ್ನು ಪ್ರಸಾರ ಮಾಡಲಾಯಿತು. ಪಾಲ್ ಮೆಕಾರ್ಟ್ನಿ, ಎಲ್ವಿಸ್ ಕಾಸ್ಟೆಲೊ, ಐರ್ಮಾ ಥಾಮಸ್ ಮೊದಲಾದ ಕಲಾವಿದರು ತಮ್ಮ ತಮ್ಮ ಸ್ಥಳಗಳಿಂದಲೇ ಇದರಲ್ಲಿ ಭಾಗವಹಿಸಿದರು.

ಸರ್ಕಾರದ ನೆರವು

ಪ್ರವೇಶಧನವನ್ನೇ ನಂಬಿದ ಉದ್ಯಮಗಳಿಗೆ ಸಾಮಾನ್ಯ ಸಾಲಗಳು ಸಾಲದೆಂದು ಅಮೆರಿಕದ ಸ್ವತಂತ್ರ ಸಂಗೀತ ಸಭಾಂಗಣಗಳ ಮಾಲೀಕರು ಸಂಘಟಿತರಾಗಿ ಒತ್ತಾಯಿಸಿದರು. ಇದರ ಫಲವಾಗಿ 2020ರ ಡಿಸೆಂಬರ್ 27ರಂದು ಜಾರಿಗೆ ಬಂದ ಕಾಯಿದೆಯಲ್ಲಿ, ಮುಚ್ಚಿದ ಸಭಾಂಗಣ ಹಾಗೂ ರಂಗಮಂದಿರಗಳ ನಿರ್ವಾಹಕರಿಗೆ ವಿಶೇಷ ಅನುದಾನವನ್ನು ಕಲ್ಪಿಸಲಾಯಿತು. ಅದರ ಮುಖ್ಯಾಂಶಗಳು ಈ ಕೆಳಕಂಡಂತಿದ್ದವು.

1. ಆರಂಭದಲ್ಲಿ 1,500 ಕೋಟಿ ಡಾಲರ್, 2021ರ ಮಾರ್ಚ್ ತಿಂಗಳ ಮತ್ತೊಂದು ಕಾಯಿದೆಯಲ್ಲಿ 125 ಕೋಟಿ ಡಾಲರ್ ಒದಗಿಸಲಾಯಿತು.
2. 2019ರ ಜನವರಿ 1ರಂದು ನಡೆಯುತ್ತಿದ್ದ ಸಂಸ್ಥೆಗೆ ಅದರ 2019ನೆಯ ಸಾಲಿನ ಒಟ್ಟು ಗಳಿಕೆಯ ಶೇಕಡ 45ರಷ್ಟು ಅಥವಾ ಒಂದು ಕೋಟಿ ಡಾಲರ್, ಇವುಗಳಲ್ಲಿ ಕಡಿಮೆಯಾದ ಮೊತ್ತವನ್ನು ನಿಗದಿಪಡಿಸಲಾಯಿತು.
3. 2020ನೆಯ ಸಾಲಿನ ಯಾವುದಾದರೂ ಒಂದು ತ್ರೈಮಾಸಿಕದಲ್ಲಿ, ಹಿಂದಿನ ವರ್ಷದ ಅದೇ ಅವಧಿಗೆ ಹೋಲಿಸಿದರೆ ಶೇಕಡ 25ರಷ್ಟಾದರೂ ಗಳಿಕೆ ಕುಸಿದಿರಬೇಕಿತ್ತು. ಶೇಕಡ 90 ಅಥವಾ ಅದಕ್ಕೂ ಮಿಗಿಲಾಗಿ ಗಳಿಕೆ ಕಳೆದುಕೊಂಡವರಿಗೆ ಮೊದಲ ಆದ್ಯತೆ, ಶೇಕಡ 70 ಅಥವಾ ಅದಕ್ಕೂ ಮಿಗಿಲಾಗಿ ಕಳೆದುಕೊಂಡವರಿಗೆ ಎರಡನೆಯ ಆದ್ಯತೆ ಇತ್ತು.
4. ವೇತನ, ಬಾಡಿಗೆ, ವಿದ್ಯುತ್ ಮತ್ತು ನೀರಿನ ಶುಲ್ಕ, ಸುರಕ್ಷತಾ ಸಾಧನಗಳ ವೆಚ್ಚ ಮುಂತಾದವುಗಳಿಗೆ ಹಣವನ್ನು ಬಳಸಬಹುದಾಗಿತ್ತು.

2021ರ ಏಪ್ರಿಲ್ 8ರಂದು ತೆರೆದ ಅರ್ಜಿ ಸಲ್ಲಿಕೆಯ ಜಾಲತಾಣವು ತಾಂತ್ರಿಕ ದೋಷದಿಂದ ಅದೇ ದಿನ ಸ್ಥಗಿತಗೊಂಡು, ಏಪ್ರಿಲ್ 26ರಂದು ಪುನಃ ತೆರೆಯಿತು. ಅಂತಿಮವಾಗಿ ಸುಮಾರು 13,000 ಸಂಸ್ಥೆಗಳಿಗೆ 1,400 ಕೋಟಿ ಡಾಲರಿಗೂ ಹೆಚ್ಚಿನ ಮೊತ್ತ ವಿತರಣೆಯಾಯಿತು. ಆದಾಯ ನಿಂತು ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಈ ಹಣ ಕೈಸೇರಿತು. ಅಷ್ಟು ಕಾಲ ತಾಳಿಕೊಂಡವರಿಗೆ ಮಾತ್ರ ಅದು ಉಪಯೋಗಕ್ಕೆ ಬಂದಿತು.

ಪುನರಾರಂಭ: 2021

2021ರ ಜೂನ್ ತಿಂಗಳಲ್ಲಿ, ಸುಮಾರು ಹದಿನೈದು ತಿಂಗಳುಗಳ ಅನಂತರ, ಪ್ರಿಸರ್ವೇಶನ್ ಹಾಲ್ ಮತ್ತೆ ಕೇಳುಗರಿಗೆ ಬಾಗಿಲು ತೆರೆಯಿತು. ಅದು ಸಭಾಂಗಣದ ಅರವತ್ತನೆಯ ವರ್ಷವೂ ಆಗಿತ್ತು.

ಪುನರಾರಂಭದೊಂದಿಗೆ ತೊಂದರೆಗಳು ಮುಗಿಯಲಿಲ್ಲ. ರೋಗದ ಹೊಸ ಅಲೆಯ ಕಾರಣ 2021ರ ಆಗಸ್ಟ್ 16ರಿಂದ ನಗರದ ಒಳಾಂಗಣ ಮನರಂಜನಾ ಸ್ಥಳಗಳಲ್ಲಿ ಲಸಿಕೆಯ ದಾಖಲೆ ಅಥವಾ ಸೋಂಕಿಲ್ಲವೆಂಬ ಪರೀಕ್ಷಾ ವರದಿಯನ್ನು ತೋರಿಸಬೇಕೆಂಬ ನಿಯಮ ಬಂದಿತು. ಅನಂತರ ಆಗಸ್ಟ್ 29ರಂದು, ಕತ್ರಿನಾ ಅಪ್ಪಳಿಸಿ ಸರಿಯಾಗಿ ಹದಿನಾರು ವರ್ಷಗಳಾದ ದಿನ, ಐಡಾ ಚಂಡಮಾರುತವು ಬಂದು ಇಡೀ ನಗರದ ವಿದ್ಯುತ್ ಸಂಪರ್ಕವನ್ನು ಕಡಿದುಹಾಕಿತು. ಈ ಬಾರಿ ನಗರದ ಮುಖ್ಯ ನೆರೆತಡೆ ಏರಿಗಳು ಭದ್ರವಾಗಿ ನಿಂತವು.

ಹೋಲಿಕೆಗೆ ಮತ್ತೊಂದು ಉದಾಹರಣೆ

ನ್ಯೂಯಾರ್ಕ್ ನಗರದ ವಿಲೇಜ್ ವ್ಯಾನ್‌ಗಾರ್ಡ್ ಕೂಡ ಕುಟುಂಬವೊಂದು ನಡೆಸುವ ಜಾಝ್ ಕೇಂದ್ರ. ಮ್ಯಾಕ್ಸ್ ಗಾರ್ಡನ್ ಅವರು 1935ರಲ್ಲಿ ಇದನ್ನು ತೆರೆದರು. ನೆಲಮಾಳಿಗೆಯಲ್ಲಿರುವ ಇದರಲ್ಲಿ 123 ಆಸನಗಳಿವೆ. 1989ರ ಮೇ ತಿಂಗಳಲ್ಲಿ ಮ್ಯಾಕ್ಸ್ ಅವರು ನಿಧನರಾದಾಗ ಪತ್ನಿ ಲೋರೇನ್ ಗಾರ್ಡನ್ ಅವರು ಒಂದು ರಾತ್ರಿ ಮಾತ್ರ ಬಾಗಿಲು ಮುಚ್ಚಿ, ಮರುದಿನವೇ ತೆರೆದರು. ಅವರು 2018ರಲ್ಲಿ ನಿಧನರಾದ ಬಳಿಕ ಪುತ್ರಿ ಡೆಬೊರಾ ಗಾರ್ಡನ್ ಅವರು ಆಡಳಿತವನ್ನು ವಹಿಸಿಕೊಂಡರು. 2020ರ ಮಾರ್ಚ್ ತಿಂಗಳಲ್ಲಿ ಮುಚ್ಚಿದ ಈ ಕೇಂದ್ರವು ಅದೇ ವರ್ಷದ ಜೂನ್ ತಿಂಗಳಿನಿಂದ ಕೇಳುಗರಿಲ್ಲದ ಕೊಠಡಿಯಿಂದಲೇ ಅಂತರಜಾಲದ ಮೂಲಕ ಕಚೇರಿಗಳನ್ನು ಪ್ರಸಾರ ಮಾಡಿತು. 2021ರ ಸೆಪ್ಟೆಂಬರ್ ತಿಂಗಳಲ್ಲಿ ಕೇಳುಗರಿಗೆ ಮರಳಿ ತೆರೆಯಿತು.

ಗಮನಾರ್ಹ ಅಂಶಗಳು

ಮೇಲ್ಕಂಡ ವೃತ್ತಾಂತದಿಂದ, ಕುಟುಂಬಗಳು ನಡೆಸುವ ಸಂಗೀತ ಸಭಾಂಗಣಗಳ ಬಗ್ಗೆ ಕೆಲವು ಸಂಗತಿಗಳನ್ನು ಗುರುತಿಸಬಹುದು.

1. ಮುಚ್ಚಿದ ಸಭಾಂಗಣಕ್ಕೆ ಆದಾಯ ನಿಲ್ಲುತ್ತದೆ, ಖರ್ಚು ನಿಲ್ಲುವುದಿಲ್ಲ. ಮಾರಾಟವಾಗದೆ ಉಳಿದ ಸರಕನ್ನು ನಾಳೆ ಮಾರಬಹುದು. ನಡೆಯದೆ ಹೋದ ಕಚೇರಿಯ ಪ್ರವೇಶಧನ ಎಂದಿಗೂ ಬಾರದು.
2. ಎರಡು ಆದಾಯಮೂಲಗಳಿದ್ದರೂ ಅವೆರಡೂ ಜನರು ಒಂದೆಡೆ ಸೇರುವುದನ್ನೇ ಅವಲಂಬಿಸಿದ್ದರೆ ಒಂದೇ ಸಂಕಟವು ಎರಡನ್ನೂ ನಿಲ್ಲಿಸಬಲ್ಲದು. 2005ರಲ್ಲಿ ಕೈಹಿಡಿದ ಪ್ರವಾಸವು 2020ರಲ್ಲಿ ಒದಗಲಿಲ್ಲ.
3. ನೆರವನ್ನು ಕಟ್ಟಡಕ್ಕೆ ಮಾತ್ರವಲ್ಲದೆ ವಾದಕರಿಗೂ ತಲುಪಿಸುವುದು ಅಗತ್ಯ. ವಾದಕರು ಬೇರೆ ಉದ್ಯೋಗ ಹಿಡಿದು ಊರು ಬಿಟ್ಟರೆ ತೆರೆದ ಬಾಗಿಲು ನಿರುಪಯುಕ್ತ.
4. ಹಿರಿಯರಿಂದ ಕಿರಿಯರಿಗೆ ಕಿವಿಯ ಮೂಲಕ, ಪಕ್ಕದಲ್ಲಿ ಕುಳಿತು ನುಡಿಸುವ ಮೂಲಕ ಸಾಗುವ ವಿದ್ಯೆಗೆ ದೀರ್ಘ ವಿರಾಮವು ವಿಶೇಷ ಹಾನಿಕರ. ಹದಿನೈದು ತಿಂಗಳು ಯುವಕನಿಗೆ ಕಾಯುವ ಕಾಲ. ಎಂಬತ್ತು ದಾಟಿದ ವಾದಕನಿಗೆ ಅದು ಉಳಿದ ಆಯುಷ್ಯದ ದೊಡ್ಡ ಪಾಲು.
5. ಕುಟುಂಬದ ಒಡೆತನದಲ್ಲಿ ತೀರ್ಮಾನಗಳು ಶೀಘ್ರವಾಗುತ್ತವೆ. ಹೊರೆಯೂ ಕೆಲವರ ಹೆಗಲ ಮೇಲೆಯೇ ಬೀಳುತ್ತದೆ. ಪ್ರತ್ಯೇಕ ಪ್ರತಿಷ್ಠಾನವನ್ನು ಸಂಕಟಕ್ಕೆ ಮೊದಲೇ ಸ್ಥಾಪಿಸಿದ್ದುದು ಜ್ಯಾಫಿ ಕುಟುಂಬಕ್ಕೆ ಅನುಕೂಲವಾಯಿತು.

ಉಪಸಂಹಾರ

1961ರಲ್ಲಿ ಬಾಗಿಲಲ್ಲಿ ಬುಟ್ಟಿ ಹಿಡಿದು ಕುಳಿತಿದ್ದ ಸಾಂಡ್ರಾ ಜ್ಯಾಫಿ ಅವರು 2021ರ ಡಿಸೆಂಬರ್ 27ರಂದು ನ್ಯೂ ಆರ್ಲಿಯನ್ಸಿನಲ್ಲಿ ತಮ್ಮ 83ನೆಯ ವಯಸ್ಸಿನಲ್ಲಿ ನಿಧನರಾದರು. ತಾವು ಪತಿಯೊಂದಿಗೆ ಕಟ್ಟಿ ಬೆಳೆಸಿದ ಸಭಾಂಗಣವು ಎರಡನೆಯ ಬಾರಿ ಮರಳಿ ತೆರೆದು ಆಗ ಆರು ತಿಂಗಳುಗಳಾಗಿದ್ದವು. ವಾದಕರಿಗೆ ನುಡಿಸಲು ಒಂದು ಕೊಠಡಿ ಹಾಗೂ ನುಡಿಸಿದುದಕ್ಕೆ ಸಂಭಾವನೆ ಇರಬೇಕೆಂಬುದು ಆ ಸಂಸ್ಥೆಯ ಮೂಲ ಉದ್ದೇಶವಾಗಿತ್ತು. ಎರಡು ಮುಚ್ಚುಗಡೆಗಳ ಬಳಿಕವೂ ಸೇಂಟ್ ಪೀಟರ್ ಬೀದಿಯ ಅದೇ ಕೊಠಡಿಯಲ್ಲಿ ಆ ಉದ್ದೇಶವು ಮುಂದುವರಿದಿದೆ.